‘ಸೀಕ್ರೆಟ್ ಇನ್ವೇಷನ್’ ನೋಡಿ ಬೇಜಾರಾದವರು ಮುಂದೆ ಏನು ನೋಡಬೇಕು?

ಮಾರ್ವೆಲ್ ಸೂಪರ್‌ಹೀರೋ ಕಥೆಗಳ ಗೂಢಚಾರ ನಿಕ್ ಫ್ಯೂರಿ ನನಗೆ ತುಂಬಾ ಇಷ್ಟದ ಪಾತ್ರ. ಹಾರುವುದಿಲ್ಲ, ಸುತ್ತಿಗೆ ಬೀಸುವುದಿಲ್ಲ. ತಲೆ ಓಡಿಸಿಯೇ ಎಲ್ಲರನ್ನೂ ಆಡಿಸುವ ಮನುಷ್ಯ. ಅದಕ್ಕೇ 2023ರ ಜೂನ್‌ನಲ್ಲಿ ಅವನದೇ ಸೀರೀಸ್ ‘ಸೀಕ್ರೆಟ್ ಇನ್ವೇಷನ್’ ಶುರುವಾದಾಗ, ಆರು ವಾರ ಬುಧವಾರ ಬರುವುದನ್ನೇ ಕಾಯುತ್ತಿದ್ದೆ. ಮುಗಿದಾಗ ಮನಸ್ಸು ಭಾರವಾಗಿತ್ತು. ತಪ್ಪು ಸೀರೀಸ್‌ನದೋ, ನಾನೇ ಜಾಸ್ತಿ ಆಸೆ ಇಟ್ಟುಕೊಂಡಿದ್ದೆನೋ? ಗೊತ್ತಾಗಬೇಕಿತ್ತು. ಅದನ್ನು ಇನ್ನೊಮ್ಮೆ ನೋಡಿದೆ. ಜೊತೆಗೆ ಅದೇ ಜಾತಿಯ ಇನ್ನೆರಡನ್ನು ಹಾಕಿಕೊಂಡೆ: ‘ದಿ ಫಾಲ್ಕನ್ ಅಂಡ್ ದಿ ವಿಂಟರ್ ಸೋಲ್ಜರ್’ ಮತ್ತು ‘ಏಜೆಂಟ್ಸ್ ಆಫ್ ಶೀಲ್ಡ್’. ಮುಂದೆ ಮೂರರ ಗುಟ್ಟುಗಳೂ ಬರುತ್ತವೆ. ನೋಡದವರು ನೋಡಿಕೊಂಡು ಬನ್ನಿ.

ಸ್ಪೈ ಕಥೆಗೆ ‘ಸೀಕ್ರೆಟ್ ಇನ್ವೇಷನ್’ಗಿಂತ ಒಳ್ಳೆಯ ಎಳೆ ಸಿಗುವುದು ಕಷ್ಟ. ಸ್ಕ್ರಲ್‌ಗಳು ಬೇರೆ ಗ್ರಹದವರು, ಯಾರ ರೂಪವನ್ನಾದರೂ ತಾಳಬಲ್ಲವರು. ನಿಮಗೊಂದು ನೆಲೆ ಹುಡುಕಿಕೊಡುತ್ತೇನೆ ಎಂದು ಫ್ಯೂರಿ ಅವರಿಗೆ ಮಾತು ಕೊಟ್ಟಿದ್ದ. ಮೂವತ್ತು ವರ್ಷ ಕಳೆದರೂ ಆ ಮಾತು ಉಳಿಯಲಿಲ್ಲ. ಕಾದು ಕಾದು ರೋಸಿಹೋದ ಸ್ಕ್ರಲ್ ಗ್ರಾವಿಕ್ ಭೂಮಿಯನ್ನೇ ಕಿತ್ತುಕೊಳ್ಳಲು ಹೊರಡುತ್ತಾನೆ. ಖಳನ ಕೋಪದಲ್ಲಿ ನ್ಯಾಯವಿದೆ, ನಾಯಕನ ಕೈಯಲ್ಲಿ ತಪ್ಪಿದೆ. ಇನ್ನೇನು ಬೇಕು?

ಇಬ್ಬರು ಎದುರುಬದುರು ಕೂತು ಮಾತಾಡುವಾಗಲೆಲ್ಲ ಈ ಸೀರೀಸ್ ಗೆಲ್ಲುತ್ತದೆ. ಎರಡನೇ ಎಪಿಸೋಡ್‌ನಲ್ಲಿ ಫ್ಯೂರಿ ಮತ್ತು ಅವನ ಹಳೆಯ ಸ್ಕ್ರಲ್ ಗೆಳೆಯ ಟ್ಯಾಲೋಸ್ ರೈಲಿನಲ್ಲಿ ಕೂತಿರುತ್ತಾರೆ. ಫ್ಯೂರಿ ತನ್ನ ಬಾಲ್ಯದ ರೈಲು ಪ್ರಯಾಣ ನೆನೆಯುತ್ತಾನೆ. ಮಾತು ಮಾತಲ್ಲೇ, ಭೂಮಿಯಲ್ಲಿ ಹತ್ತು ಲಕ್ಷ ಸ್ಕ್ರಲ್‌ಗಳಿದ್ದಾರೆ ಅನ್ನುವುದು ಟ್ಯಾಲೋಸ್ ಬಾಯಿಂದ ಹೊರಬೀಳುತ್ತದೆ. ಹೊಡೆದಾಟ ಇಲ್ಲ, ಗ್ರಾಫಿಕ್ಸ್ ಇಲ್ಲ. ಫ್ಯೂರಿ ಪಾತ್ರದ ಸ್ಯಾಮ್ಯುಯೆಲ್ ಜಾಕ್ಸನ್ ಮುಖ ಬಿಗಿಯಾಗುವುದನ್ನು ನೋಡಿದರೆ ಸಾಕು.

ನಾಲ್ಕನೇ ಎಪಿಸೋಡ್‌ನಲ್ಲಿ ಇದಕ್ಕಿಂತ ಚೆನ್ನಾಗಿರುವುದಿದೆ. ಫ್ಯೂರಿ ಮನೆಗೆ ಬರುತ್ತಾನೆ. ಹೆಂಡತಿ ಪ್ರಿಸಿಲ್ಲಾ ನಿಜದಲ್ಲಿ ಸ್ಕ್ರಲ್. ಅವನನ್ನು ಕೊಲ್ಲುವಂತೆ ಅವಳಿಗೆ ಆಜ್ಞೆಯಾಗಿದೆ, ಅದು ಅವನಿಗೂ ಗೊತ್ತು. ಇಬ್ಬರೂ ಮೇಜಿನ ಆಚೀಚೆ ಕೂರುತ್ತಾರೆ. ಇಬ್ಬರ ಹತ್ತಿರವೂ ಗನ್. ಪ್ರೀತಿಯ ದಿನಗಳ ಒಂದು ಕವಿತೆಯ ಸಾಲುಗಳನ್ನು ಹೇಳಿಕೊಳ್ಳುತ್ತಾರೆ. ಆಮೇಲೆ ಇಬ್ಬರೂ ಗುಂಡು ಹಾರಿಸುತ್ತಾರೆ, ಇಬ್ಬರೂ ಬೇಕೆಂದೇ ಗುರಿ ತಪ್ಪಿಸುತ್ತಾರೆ. ಎರಡನೇ ಸಲ ನೋಡುವಾಗ ಮುಂದೇನು ಅಂತ ಗೊತ್ತಿದ್ದರೂ ಉಸಿರು ಬಿಗಿಹಿಡಿದಿದ್ದೆ. ಇನ್ನು ಒಲಿವಿಯಾ ಕೋಲ್ಮನ್ ಮಾಡಿರುವ ಸೋನ್ಯಾ. ನಗುನಗುತ್ತಲೇ ಕ್ರೂರಿಯಾಗುವ ಆ ಬ್ರಿಟಿಷ್ ಗೂಢಚಾರಿಣಿಗೆ ಪ್ರತ್ಯೇಕ ಸೀರೀಸ್ ಬೇಕಿತ್ತು.

ಹಾಗಾದರೆ ಎಡವಿದ್ದು ಎಲ್ಲಿ? ಅನುಮಾನದಲ್ಲಿ. ಯಾರು ಬೇಕಾದರೂ ನಕಲಿ ಆಗಿರಬಹುದು ಎಂದು ಹೆದರಿಸಿ ಶುರುವಾದ ಕಥೆ, ನಕಲಿ ಯಾರೆಂದು ನಮಗೆ ಬೇಗ ಬೇಗ ತೋರಿಸಿಬಿಡುತ್ತದೆ. ಅಮೆರಿಕ ಅಧ್ಯಕ್ಷರ ಆಪ್ತ ಸೈನ್ಯಾಧಿಕಾರಿ ರೋಡ್ಸ್ ಸ್ಕ್ರಲ್ ಅನ್ನುವುದು ಬಯಲಾದ ಮೇಲೆ ನಾನು ಮತ್ತೆ ಯಾರನ್ನೂ ಸಂಶಯದಿಂದ ನೋಡಲಿಲ್ಲ. ಫ್ಯೂರಿಯ ಬಲಗೈ ಮರಿಯಾ ಹಿಲ್ ಸಾವನ್ನೇ ತಗೊಳ್ಳಿ. ಫ್ಯೂರಿಯ ಮುಖ ಹೊತ್ತ ಗ್ರಾವಿಕ್ ಅವಳಿಗೆ ಗುಂಡಿಡುತ್ತಾನೆ. ಅಷ್ಟು ವರ್ಷ ಜೊತೆಗಿದ್ದವಳು, ಅವಳು ಕೊನೆಗೆ ಕಂಡದ್ದು ಅದೇ ಮುಖ. ಇಂಥ ಗಾಯವನ್ನು ಮೊದಲ ಎಪಿಸೋಡ್‌ನಲ್ಲೇ ಮಾಡಿ, ಅದರ ಜೊತೆ ಸ್ವಲ್ಪ ಹೊತ್ತೂ ಕೂರದೆ ಕಥೆ ಮುಂದೆ ಓಡುತ್ತದೆ.

ಕೊನೆಯ ಎಪಿಸೋಡ್ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಗ್ರಾವಿಕ್ ಮುಂದೆ ಸೋತು ನಿಂತಿರುವುದು ಫ್ಯೂರಿ ಅಂತ ನಾವು ನಂಬಿರುತ್ತೇವೆ. ಅದು ಫ್ಯೂರಿಯ ವೇಷದ ಗಾಯಾ, ಟ್ಯಾಲೋಸ್‌ನ ಮಗಳು! ಎಂಥ ಅಚ್ಚುಕಟ್ಟಾದ ಸ್ಪೈ ತಂತ್ರ. ಮರುಕ್ಷಣವೇ ಇಬ್ಬರೂ ಎಲ್ಲ ಸೂಪರ್‌ಹೀರೋಗಳ ಶಕ್ತಿ ಪಡೆದು, ತೋಳು ದಪ್ಪ ಮಾಡಿಕೊಂಡು ಗುದ್ದಾಡುತ್ತಾರೆ. ಐದು ವಾರ ಮಾತಿನಲ್ಲಿ ಕಟ್ಟಿದ್ದೆಲ್ಲ ಆ ಗುದ್ದಾಟದಲ್ಲಿ ಕರಗಿಹೋಯಿತು.

2021ರ ‘ಫಾಲ್ಕನ್’ ಕೂಡ ಆರೇ ಎಪಿಸೋಡ್. ಇದರಲ್ಲಿ ಗೂಢಚಾರಿಕೆ ಕಡಿಮೆ, ಸೈನಿಕರ ಕಥೆ ಜಾಸ್ತಿ. ಖಳರ ಕಡೆ ತೀರಾ ಬಡವಾಗಿದೆ. ಬಂಡುಕೋರರ ನಾಯಕಿ ಕಾರ್ಲಿ ಯಾಕೆ ಹೋರಾಡುತ್ತಿದ್ದಾಳೆ ಅನ್ನುವುದು ಕೊನೆಗೂ ಗಟ್ಟಿಯಾಗಿ ನಿಲ್ಲುವುದಿಲ್ಲ. ತೆರೆಮರೆಯ ಪಾತಕಿ ‘ಪವರ್ ಬ್ರೋಕರ್’ ಯಾರೆಂದು ಬಹಳ ಮೊದಲೇ ಊಹಿಸಬಹುದು. ಕೊನೆಯಲ್ಲಿ ಫಾಲ್ಕನ್, ಅಂದರೆ ಸ್ಯಾಮ್, ಮಾಡುವ ಭಾಷಣ ಉದ್ದವಾಯಿತು. ಆದರೂ ಇದನ್ನು ನಾನು ಮೇಲಿಡುತ್ತೇನೆ. ಲೋಕ ಉಳಿಸಿದ ಸ್ಯಾಮ್‌ಗೆ ಬ್ಯಾಂಕಿನಲ್ಲಿ ಸಾಲ ಸಿಗುವುದಿಲ್ಲ. ಸೈನ್ಯವೇ ಬಳಸಿಕೊಂಡು ಜೈಲಿಗೆ ತಳ್ಳಿದ ಐಸಾಯಾ ಬ್ರಾಡ್ಲಿಯ ಮಾತು ಕೇಳಿದ ಮೇಲೆ ಕ್ಯಾಪ್ಟನ್ ಅಮೆರಿಕದ ಗುರಾಣಿ ಮೊದಲಿನಂತೆ ಕಾಣುವುದಿಲ್ಲ. ನಾಲ್ಕನೇ ಎಪಿಸೋಡ್ ಕೊನೆಗೆ ಜನರೆಲ್ಲ ನೋಡುತ್ತಿರುವಾಗಲೇ ಹೊಸ ಕ್ಯಾಪ್ಟನ್ ಅಮೆರಿಕ ಜಾನ್ ವಾಕರ್ ಆ ಗುರಾಣಿಯಿಂದ ಒಬ್ಬನನ್ನು ಕೊಲ್ಲುತ್ತಾನೆ. ಅಂಚಿಗೆ ಅಂಟಿದ ರಕ್ತದ ಮೇಲೆ ಕ್ಯಾಮೆರಾ ನಿಲ್ಲುತ್ತದೆ. ಇಲ್ಲಿ ಹೊಡೆದಾಟವೇ ಕಥೆ ಹೇಳುತ್ತದೆ.

ಶೀಲ್ಡ್ ಎಂಬ ಗೂಢಚಾರ ಸಂಸ್ಥೆಯ ತಂಡದ ಕಥೆ ‘ಏಜೆಂಟ್ಸ್ ಆಫ್ ಶೀಲ್ಡ್’ ಸ್ಟ್ರೀಮಿಂಗ್‌ಗೆ ಮಾಡಿದ್ದಲ್ಲ, 2013ರಿಂದ 2020ರವರೆಗೆ ಟಿವಿಯಲ್ಲಿ ಬಂದದ್ದು. ಏಳು ಸೀಸನ್, 136 ಎಪಿಸೋಡ್. ಗ್ರಾಫಿಕ್ಸ್ ಅಲ್ಲಲ್ಲಿ ಬಡಕಲು, ಮೊದಲ ಅರ್ಧ ಸೀಸನ್ ನಿಧಾನ. ನಾನೇ ಒಮ್ಮೆ ಮಧ್ಯದಲ್ಲಿ ಬಿಟ್ಟಿದ್ದೆ. ಆದರೆ ಆ ನಿಧಾನಕ್ಕೆ ಬೆಲೆ ಇದೆ. 16 ಎಪಿಸೋಡ್ ನಮ್ಮವನಂತೆ ಓಡಾಡಿಕೊಂಡಿದ್ದ ಗ್ರ್ಯಾಂಟ್ ವಾರ್ಡ್, 17ರಲ್ಲಿ ಶತ್ರು ಸಂಘಟನೆ ಹೈಡ್ರಾದವನು ಅಂತ ಗೊತ್ತಾಗುತ್ತದೆ. ಮನೆಯವರೇ ಮೋಸ ಮಾಡಿದ ಹಾಗಾಯಿತು ನನಗೆ. ನಾಲ್ಕನೇ ಸೀಸನ್‌ನಲ್ಲಿ ತಂಡದವರ ಜಾಗಕ್ಕೆ ಅವರಂತೇ ಇರುವ ರೋಬಾಟ್‌ಗಳು ಬಂದಿರುತ್ತವೆ. ಒಂದು ಕೋಣೆಯಲ್ಲಿ ಫಿಟ್ಜ್ ಮತ್ತು ಸಿಮ್ಮನ್ಸ್, ಪರಸ್ಪರ ಪ್ರೀತಿಸುವವರು. ಇಬ್ಬರಲ್ಲಿ ಒಬ್ಬರು ನಕಲಿ. ಯಾರು? ಸ್ಕ್ರಲ್‌ಗಳ ಕಥೆಯಲ್ಲಿ ನಾನು ಹುಡುಕಿದ್ದು ಇದೇ ಭಯವನ್ನು, ಅದು ಸಿಕ್ಕಿದ್ದು ಇಲ್ಲಿ.

ವಾರಾಂತ್ಯ ಮಾತ್ರ ಬಿಡುವಿದ್ದರೆ ‘ಫಾಲ್ಕನ್’ ನೋಡಿ. ತಾಳ್ಮೆ ಇದ್ದರೆ ‘ಶೀಲ್ಡ್’ ಶುರು ಮಾಡಿ, 17ನೇ ಎಪಿಸೋಡ್‌ವರೆಗೆ ಬಿಡಬೇಡಿ. ‘ಸೀಕ್ರೆಟ್ ಇನ್ವೇಷನ್’ನಲ್ಲಿ ನಾನು ಮತ್ತೆ ಹಾಕುವುದು ಆ ರೈಲು ಮತ್ತು ಆ ಮೇಜು, ಅವೆರಡೇ.