ಸೋರೆಬುರುಡೆಯ ನಾದಕ್ಕೆ ತಲೆದೂಗಿದ ಕಾಸರಗೋಡು

ಕಾಸರಗೋಡು ನಗರದ ಕಲಾಸಭಾಂಗಣವೊಂದರಲ್ಲಿ ಕಳೆದ ಶನಿವಾರ ನಡೆದ ಆಫ್ರಿಕನ್ ಫ್ಯೂಷನ್ ತಂಡದ ಕಛೇರಿಯಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಕೋರಾ. ದೊಡ್ಡ ಸೋರೆಬುರುಡೆಯ ಅರ್ಧಭಾಗಕ್ಕೆ ದನದ ತೊಗಲು ಬಿಗಿದು, 21 ತಂತಿಗಳನ್ನು ಎಳೆದು ಕಟ್ಟಿದ, ಪಶ್ಚಿಮ ಆಫ್ರಿಕಾದ ವಂಶಪಾರಂಪರ್ಯ ಗಾಯಕರ ಈ ವಾದ್ಯವನ್ನು ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳುಗಳಿಂದಷ್ಟೇ ಮೀಟುತ್ತಾರೆ. ಆಡಿನ ತೊಗಲು ಹೊದಿಸಿದ ಜೆಂಬೆಯನ್ನು ಬರಿಗೈಯಿಂದ ನುಡಿಸಿದಾಗ, ಕೋಲಿನ ಪೆಟ್ಟಿನ ಚೆಂಡೆಗೆ ಒಗ್ಗಿಹೋದ ನಮ್ಮೂರಿನ ಯಕ್ಷಗಾನಪ್ರಿಯರೂ ತಲೆದೂಗಿದರು. ಪಕ್ಕದಲ್ಲೊಬ್ಬ ಮದ್ದಳೆಗಾರರು ಇರಬೇಕಿತ್ತೆಂದು ನನಗನ್ನಿಸಿತು. ಆದರೆ ಬಾಸ್ ಗಿಟಾರಿನ ಧ್ವನಿಯನ್ನು ಅತಿಯಾಗಿ ಏರಿಸಿದ್ದರಿಂದ ಕೋರಾದ ನವಿರಾದ ಎಳೆಗಳು ಹಲವು ಸಲ ಮುಳುಗಿಹೋದವು, ಮೈಕಿನವರಿಗೆ ಹೇಳಿದರೂ ಪ್ರಯೋಜನವಾಗಲಿಲ್ಲ. ಆಸನಗಳಿಗೆ ಕೊರತೆಯಿರಲಿಲ್ಲ. ಟಿಕೆಟಿನ ಹಣಕ್ಕೆ ಮೋಸವಿಲ್ಲ. ಮುಂದೆ ಹೋಗುವವರು ಧ್ವನಿವರ್ಧಕಗಳಿಂದ ದೂರ, ನಡುಸಾಲಿನಲ್ಲಿ ಕುಳಿತುಕೊಳ್ಳುವುದು ಲೇಸು.