ಮ್ಯಾಗ್ನೆಟ್ ನೋಡಿ ಮರುಳಾಗಿ ಆಯಿಲ್ ಫಿಲ್ಟರ್ ಕೊಳ್ಳಬೇಡಿ

ಡಬ್ಬಿಯ ತಲೆ ಮೇಲೆ ಸ್ಪ್ಯಾನರ್ ಹಾಕಲು ನಟ್. ಮೈಗೆಲ್ಲ ಕೈ ಜಾರದ ಒರಟು ಕೋಟಿಂಗ್. ಒಳಗೆ ಮ್ಯಾಗ್ನೆಟ್. ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿ '10 ಮೈಕ್ರಾನ್', ಅಂದರೆ ಮಿಲಿಮೀಟರ್‌ನ ನೂರನೇ ಒಂದು ಪಾಲಿನಷ್ಟು ಸಣ್ಣ ಕಣವನ್ನೂ ಹಿಡಿಯುತ್ತದಂತೆ. ನನಗೆ ಇಷ್ಟೇ ಸಾಕಾಯಿತು. ಹೊಸ ಡಿಸೈನ್ ಅಂತ ಖುಷಿಯಾಗಿ ತಂದು ಕಾರಿಗೆ ಹಾಕಿದೆ. ಆಯಿಲ್ ಬದಲಾಯಿಸುವ ಕೆಲಸ ನಾನೇ ಮಾಡಿಕೊಳ್ಳುತ್ತೇನೆ, ಹಾಗಾಗಿ ಮೆಕ್ಯಾನಿಕ್‌ನ ಬೈಯೋ ಹಾಗೂ ಇಲ್ಲ.

ಒಂದೆರಡು ತಿಂಗಳು ಏನೂ ತೊಂದರೆ ಆಗಲಿಲ್ಲ. ಆಮೇಲೆ ಶುರುವಾಯಿತು. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಇಂಜಿನ್ ಮೇಲ್ಭಾಗದಿಂದ ಕಟಕಟ ಸದ್ದು. ತಕ್ಷಣ ಆರಬೇಕಾದ ಆಯಿಲ್ ಪ್ರೆಷರ್ ದೀಪ ನಾಲ್ಕೈದು ಸೆಕೆಂಡ್ ಉರಿಯುತ್ತಿತ್ತು. ಅಷ್ಟಾದ ಮೇಲೆ ಇಡೀ ದಿನ ಓಡಿಸಿದರೂ ಸದ್ದೇ ಇಲ್ಲ. ಆಯಿಲ್ ಮೇಲೆ ಅನುಮಾನ ಬಂತು. ಗ್ರೇಡ್ ಸರಿಯಿತ್ತು, ಡಿಪ್‌ಸ್ಟಿಕ್ ಎಳೆದು ನೋಡಿದರೆ ಮಟ್ಟವೂ ಸರಿಯಿತ್ತು. ಫಿಲ್ಟರ್ ಕಡೆ ಮಾತ್ರ ತಲೆ ಓಡಲೇ ಇಲ್ಲ. ಅಷ್ಟು ಚೆಂದದ ಡಬ್ಬಿ, ಅಲ್ವಾ?

ಕೊನೆಗೆ ಒಂದು ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಫಿಲ್ಟರ್ ಬಿಚ್ಚಿದೆ. ನನ್ನ ಇಂಜಿನ್‌ನಲ್ಲಿ ಅದು ಅಡ್ಡಲಾಗಿ ಕೂರುತ್ತದೆ. ರಾತ್ರಿ ಪೂರ್ತಿ ನಿಂತಿದ್ದರೂ ಒಳಗೆ ಆಯಿಲ್ ತುಂಬಿಕೊಂಡೇ ಇರಬೇಕು, ಬಿಚ್ಚುವಾಗ ಮೊಣಕೈವರೆಗೂ ಇಳಿಯಬೇಕು. ಅವತ್ತು ಇಳಿದದ್ದು ಎರಡು ಚಮಚದಷ್ಟು. ಮಿಕ್ಕಿದ್ದೆಲ್ಲ ಇಂಜಿನ್ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ, ವಾಪಸ್ ಹೋಗಿತ್ತು. ಅಂದರೆ ದಿನಾ ಬೆಳಗ್ಗೆ ಪಂಪ್ ಮೊದಲು ಖಾಲಿ ಡಬ್ಬಿ ತುಂಬಬೇಕು, ಆಮೇಲೆ ಬೇರಿಂಗ್‌ಗೆ ಆಯಿಲ್. ಅಲ್ಲಿಯವರೆಗೆ ಲೋಹಕ್ಕೆ ಲೋಹ ಉಜ್ಜುತ್ತಿರುತ್ತದೆ.

ಹೀಗೆ ವಾಪಸ್ ಹೋಗದ ಹಾಗೆ ತಡೆಯುವುದು ಆಂಟಿ ಡ್ರೈನ್‌ಬ್ಯಾಕ್ ವಾಲ್ವ್. ಹೆಸರು ದೊಡ್ಡದು, ಇರುವುದು ಒಂದು ರಬ್ಬರ್ ಬಿಲ್ಲೆ. ಡಬ್ಬಿಯನ್ನು ಕಟರ್‌ನಿಂದ ಕತ್ತರಿಸಿದೆ. ಗರಗಸ ಆಡಿಸಿದರೆ ತಗಡಿನ ಪುಡಿ ಒಳಗೆ ಬಿದ್ದು, ಅದು ಇಂಜಿನ್‌ದೋ ಡಬ್ಬಿಯದೋ ಗೊತ್ತಾಗುವುದಿಲ್ಲ. ಬಿಲ್ಲೆ ಕೈಗೆ ತಗೊಂಡರೆ ಹಳೇ ಚಪ್ಪಲಿ ಥರ ಗಟ್ಟಿ, ಬಾಗುತ್ತಲೇ ಇರಲಿಲ್ಲ. ಒಂದು ಕಡೆ ಅಂಚು ಅಲೆ ಅಲೆಯಾಗಿ ಎದ್ದಿತ್ತು. ನೈಟ್ರೈಲ್ ರಬ್ಬರ್ ಬಿಸಿ ತಿಂದು ತಿಂದು ಗಟ್ಟಿಯಾಗುತ್ತದೆ. ಸಿಲಿಕೋನ್ ಆದರೆ ಜಾಸ್ತಿ ದಿನ ಮೆತ್ತಗೆ ಇರುತ್ತದೆ. ಸಿಲಿಕೋನ್ ಸಾಮಾನ್ಯವಾಗಿ ಕೇಸರಿ ಬಣ್ಣದ್ದು ಅಂತ ಹೇಳುತ್ತಾರೆ, ಆದರೆ ಬಣ್ಣ ಯಾವ ರಬ್ಬರ್‌ಗೂ ಹಾಕಬಹುದು.

ಆಯಿಲ್ ಸೋಸುವ ಒಳಗಿನ ಕಾಗದ ಇನ್ನೂ ಚೆಂದ. ಒಂದು ಕಡೆ ಮಡಿಕೆಗಳು ಒತ್ತೊತ್ತಾಗಿ, ಇನ್ನೊಂದು ಕಡೆ ಬೆರಳು ತೂರುವಷ್ಟು ಜಾಗ. ನಡುವಿನ ಕೊಳವೆಗೆ ದುಂಡನೆಯ ತೂತುಗಳ ಬದಲು ತಗಡನ್ನೇ ಸೀಳಿ ಎಬ್ಬಿಸಿದ್ದರು, ಕಿಟಕಿಯ ಪಟ್ಟಿಗಳ ಹಾಗೆ. ಇದು ಕೆಟ್ಟ ಡಿಸೈನ್ ಏನಲ್ಲ, ಒಳ್ಳೆ ಫಿಲ್ಟರ್‌ಗಳಲ್ಲೂ ಇದೆ. ಆದರೆ ನನ್ನದರಲ್ಲಿ ಅರ್ಧಕ್ಕರ್ಧ ಸೀಳುಗಳು ತೆರೆದೇ ಇರಲಿಲ್ಲ. ಮ್ಯಾಗ್ನೆಟ್‌ಗೆ ಒಂದಿಷ್ಟು ಕಪ್ಪು ಮಸಿ ಅಂಟಿತ್ತು, ಅಷ್ಟೆ. ಅದು ಹಿಡಿಯುವುದು ಕಬ್ಬಿಣದ ಪುಡಿಯನ್ನು. ಅಲ್ಯೂಮಿನಿಯಂ, ತಾಮ್ರ, ಧೂಳು ಪಕ್ಕದಲ್ಲೇ ಹಾದು ಹೋಗುತ್ತವೆ.

'10 ಮೈಕ್ರಾನ್' ಅನ್ನುವ ಮಾತಿಗೂ ಮೋಸ ಹೋಗಬೇಡಿ. 10 ಮೈಕ್ರಾನ್ ಕಣದಲ್ಲಿ ಎಷ್ಟು ಪಾಲು ಹಿಡಿಯುತ್ತೆ ಅಂತ ಕೇಳಿ. ಐಎಸ್‌ಒ 4548-12 ಅನ್ನುವ ಪರೀಕ್ಷೆ ಇರುವುದೇ ಇದಕ್ಕೆ. ಬೀಟಾ ಅಂತ ಒಂದು ಸಂಖ್ಯೆ ಬರುತ್ತದೆ. ಬೀಟಾ 2 ಅಂದರೆ ಆ ಗಾತ್ರದ ಕಣಗಳಲ್ಲಿ ಅರ್ಧ ಮಾತ್ರ ಸಿಕ್ಕಿದೆ, ಅರ್ಧ ದಾಟಿದೆ. ಬೀಟಾ 75 ಅಂದರೆ ಶೇಕಡಾ 98.7 ಸಿಕ್ಕಿದೆ. ಎರಡು ಡಬ್ಬಿಯ ಮೇಲೂ '10 ಮೈಕ್ರಾನ್' ಅಂತಲೇ ಬರೆಯಬಹುದು. ನನ್ನ ಪೆಟ್ಟಿಗೆ ತಿರುಗಿಸಿ ತಿರುಗಿಸಿ ನೋಡಿದೆ, ಶೇಕಡಾ ಎಲ್ಲೂ ಇಲ್ಲ. ಕೊಳ್ಳುವಾಗಲೇ ನೋಡಬೇಕಿತ್ತು.

ಥ್ರೆಡ್ ಕೂತಿತು ಅಂತ ಯಾವುದೋ ಫಿಲ್ಟರ್ ಹಾಕುವುದೂ ಬೇಡ. ಕಾಗದ ಕಟ್ಟಿಕೊಂಡಾಗ ಆಯಿಲ್‌ಗೆ ಬೇರೆ ದಾರಿ ಬಿಡುವ ಬೈಪಾಸ್ ವಾಲ್ವ್ ಎಷ್ಟು ಒತ್ತಡಕ್ಕೆ ತೆರೆಯಬೇಕು ಅನ್ನುವುದು ಇಂಜಿನ್‌ನಿಂದ ಇಂಜಿನ್‌ಗೆ ಬೇರೆ. ಕೆಲವು ಇಂಜಿನ್‌ಗಳಲ್ಲಿ ಅದು ಫಿಲ್ಟರ್‌ನಲ್ಲಿ ಇರುವುದೇ ಇಲ್ಲ, ಬ್ಲಾಕ್‌ನಲ್ಲಿ ಇರುತ್ತದೆ.

ಅಂಗಡಿಯಲ್ಲೇ ಅರ್ಧ ನಿಮಿಷ ತಗೊಳ್ಳಿ. ಡಬ್ಬಿಯ ಬಾಯಿಗೆ ಮೊಬೈಲ್ ಟಾರ್ಚ್ ಹಿಡಿದು ನಡುವಿನ ತೂತಿನೊಳಗೆ ನೋಡಿ, ಕೊಳವೆಯ ಸೀಳುಗಳು ತೆರೆದಿವೆಯಾ ಅಂತ. ಸುತ್ತಲಿನ ಚಿಕ್ಕ ತೂತಿನಲ್ಲಿ ರಬ್ಬರ್ ಕಾಣುತ್ತದೆ. ಮೊಂಡು ತುದಿಯ ಕಡ್ಡಿಯಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಅದು ತಕ್ಷಣ ವಾಪಸ್ ಬಂದು ಕೂರಬೇಕು.

ಇಂಥದ್ದನ್ನು ಈಗಾಗಲೇ ಹಾಕಿದ್ದೀರಾ, ಬೆಳಗ್ಗೆ ದೀಪ ಆರಲು ತಡವಾಗುತ್ತಿದೆಯಾ? ಮುಂದಿನ ಸರ್ವಿಸ್‌ವರೆಗೆ ಕಾಯದೆ ಬದಲಾಯಿಸಿಬಿಡಿ. ಬಿಚ್ಚಿದಾಗ ಹಳೇ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡಿದೆಯಾ ಬೆರಳಿಂದ ಸವರಿ ನೋಡಿ. ಅದರ ಮೇಲೆ ಹೊಸದು ಕೂತರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಆಯಿಲ್ ಪೂರ್ತಿ ರಸ್ತೆ ಮೇಲಿರುತ್ತದೆ.