ಕಾನ್ಫರೆನ್ಸ್ ಟಿಕೆಟ್ ತಗೊಳ್ಳುವ ಮುಂಚೆ ಇದೊಂದು ವಿಚಾರಿಸಿ

ಟೆಕ್ ಸಮ್ಮೇಳನಗಳಿಗೆ ಹೋಗುವ ಹೆಣ್ಣುಮಕ್ಕಳಿಗೆ, ಅದರಲ್ಲೂ ಬೇರೆ ಊರಿನಿಂದ ಒಬ್ಬರೇ ಬರುವವರಿಗೆ, ಇದನ್ನು ಬರೆಯುತ್ತಿದ್ದೇನೆ. ವೆಬ್‌ಸೈಟಿನಲ್ಲಿ ಕೋಡ್ ಆಫ್ ಕಂಡಕ್ಟ್ (ಬಂದವರು ಹೇಗೆ ನಡೆದುಕೊಳ್ಳಬೇಕು ಅನ್ನುವ ನಿಯಮ) ಹಾಕಿದ್ದಾರೆ ಅಂತ ಅದನ್ನೇ ನಂಬಿ ಹೋಗಬೇಡಿ. ಯಾರಾದರೂ ಕಿರುಕುಳ ಕೊಟ್ಟರೆ ಯಾರಿಗೆ ಹೇಳಬೇಕು, ಅವರ ಹೆಸರೇನು, ಫೋನ್ ನಂಬರ್ ಏನು? ಇಷ್ಟು ಅಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ.

ಕಳೆದ ವರ್ಷ ಬೆಂಗಳೂರಿನ ಒಂದು ಓಪನ್ ಸೋರ್ಸ್ (ಯಾರು ಬೇಕಾದರೂ ನೋಡಿ, ಬಳಸಿ, ತಿದ್ದಬಹುದಾದ ಸಾಫ್ಟ್ವೇರ್) ಸಮ್ಮೇಳನಕ್ಕೆ ಹುಬ್ಬಳ್ಳಿಯಿಂದ ಹೋಗಿದ್ದೆ. ನಮ್ಮ ಕಂಪನಿಯೇ ಕಳಿಸಿತ್ತು. ವಾಲಂಟಿಯರ್‌ಗಳು ಸೇರಿ ನಡೆಸುವ ಎರಡು ದಿನದ ಕಾರ್ಯಕ್ರಮ. ಮೊದಲ ದಿನ ಊಟದ ಹೊತ್ತಿಗೆ ಸ್ಪೀಕರ್ ಒಬ್ಬ ಬಂದು ನನ್ನ ಪ್ರಾಜೆಕ್ಟ್ ಬಗ್ಗೆ ಮಾತಾಡಿಸಿದ. ಆಮೇಲೆ ನಾನು ಯಾವ ಹಾಲ್‌ಗೆ ಹೋದರೂ ಪಕ್ಕದಲ್ಲೇ ಬಂದು ಕೂತ. ಹೆಗಲ ಮೇಲೆ ಕೈ ಹಾಕಿದ. ಬೇಡ ಅಂತ ಗಟ್ಟಿಯಾಗಿಯೇ ಹೇಳಿ ಎದ್ದು ಹೋದೆ. ಸಂಜೆ ಕಾಫಿ ಕುಡಿಯುವಾಗ ನನ್ನ ಮೈ ಬಗ್ಗೆ ಅಸಹ್ಯವಾಗಿ ಮಾತಾಡಿದ. ರಾತ್ರಿ ಎಲ್ಲಿ ಉಳಿದುಕೊಂಡಿದ್ದೀಯ ಅಂತ ಮೆಸೇಜ್ ಮೇಲೆ ಮೆಸೇಜ್. ನನ್ನ ನಂಬರ್ ಅವನಿಗೆ ಹೇಗೆ ಸಿಕ್ಕಿತು? ಬಂದವರನ್ನೆಲ್ಲ ಒಂದು ಮಾತೂ ಕೇಳದೆ ಆಯೋಜಕರು ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದರು.

ಮರುದಿನ ಬೆಳಿಗ್ಗೆ ರಿಜಿಸ್ಟ್ರೇಷನ್ ಡೆಸ್ಕಿಗೆ ಹೋದೆ. ಅಲ್ಲಿದ್ದ ಕಾಲೇಜು ಹುಡುಗರಿಗೆ ನನ್ನನ್ನು ಯಾರ ಹತ್ತಿರ ಕಳಿಸಬೇಕು ಅಂತ ಗೊತ್ತಿರಲಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಪಾಪ. ಕೋಡ್ ಆಫ್ ಕಂಡಕ್ಟ್ ಪುಟದಲ್ಲಿದ್ದ ವಿಳಾಸಕ್ಕೆ ಬರೆದ ಮೇಲ್ ವಾಪಸ್ ಬಂತು. ಕೊನೆಗೆ ಮುಖ್ಯ ಆಯೋಜಕರನ್ನೇ ಹುಡುಕಿಕೊಂಡು ಹೋದೆ. "ಅವರ ಸ್ವಭಾವವೇ ಹಾಗೆ, ಮನಸ್ಸಿನಲ್ಲಿ ಏನೂ ಇರಲ್ಲ. ಮಧ್ಯಾಹ್ನ ಅವರ ಟಾಕ್ ಇದೆ. ಬೇಕಾದರೆ ಈಗಲೇ ಕರೆಸುತ್ತೇನೆ, ಇಬ್ಬರೂ ಕೂತು ಮಾತಾಡಿ ಸರಿ ಮಾಡಿಕೊಳ್ಳಿ" ಅಂದರು.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ಈ ಮಾತಿಗೆ. ಕಿರುಕುಳ ಕೊಟ್ಟವನ ಎದುರಿಗೆ ಕೂತು ನಾನು ಏನು ಸರಿ ಮಾಡಿಕೊಳ್ಳಬೇಕು? ನಮ್ಮಿಬ್ಬರ ನಡುವೆ ಜಗಳ ಆಗಿರಲಿಲ್ಲ. ಆಗಲ್ಲ ಅಂದೆ. ಊಟದ ಹೊತ್ತಿಗೆ ದೂರು ಕೊಟ್ಟಿದ್ದು ನಾನೇ ಅಂತ ಅವನಿಗೂ ಗೊತ್ತಾಗಿತ್ತು, ಅವನ ಗೆಳೆಯರಿಗೂ ಗೊತ್ತಾಗಿತ್ತು. ಮಧ್ಯಾಹ್ನದ ಬಸ್ ಹಿಡಿದು ಊರಿಗೆ ಬಂದೆ. ಅವನ ಟಾಕ್ ಏನೂ ಅಡ್ಡಿಯಿಲ್ಲದೆ ನಡೆಯಿತು.

ಇದನ್ನು ಸರಿಯಾಗಿ ಮಾಡುವುದು ಹೇಗೆ ಅಂತ ಗೊತ್ತಿಲ್ಲದ ಕಾಲ ಇದಲ್ಲ. ಓಪನ್ ಸೋರ್ಸ್ ಸಮ್ಮೇಳನಗಳಿಗೆ ಕಿರುಕುಳ ತಡೆಯುವ ನಿಯಮ ಬೇಕು ಅಂತ ಅಮೆರಿಕದಲ್ಲಿ ಏಡಾ ಇನಿಶಿಯೇಟಿವ್ ಸಂಸ್ಥೆ 2011ರಲ್ಲೇ ಕೆಲಸ ಶುರು ಮಾಡಿತ್ತು. ಯಾರು ಬೇಕಾದರೂ ಬಳಸಬಹುದಾದ ಮಾದರಿ ನಿಯಮಗಳು ಅಂದಿನಿಂದಲೂ ಸಿಗುತ್ತವೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಳಸುವವರ ಅಲ್ಲಿನ ಪೈಕಾನ್ ಸಮ್ಮೇಳನದಲ್ಲಿ ದೂರು ಬಂದಾಗ ಸಿಬ್ಬಂದಿ ಏನು ಮಾಡಬೇಕು ಅಂತ ಬರೆದಿಟ್ಟಿದ್ದಾರೆ. ಎಷ್ಟು ದೂರು ಬಂದವು, ಏನು ಕ್ರಮ ಆಯಿತು ಅಂತ ಯಾರ ಹೆಸರೂ ಹೇಳದೆ ವರದಿಯನ್ನೂ ಪ್ರಕಟಿಸಿದ್ದಾರೆ. ನಮ್ಮ ಆಯೋಜಕರು ನಿಯಮದ ಪುಟವನ್ನು ನಕಲು ಮಾಡಿಕೊಂಡರು, ಅದರ ಹಿಂದಿನ ಕೆಲಸ ಬಿಟ್ಟರು. ಬೇಕಿದ್ದದ್ದು ಇಷ್ಟೇ: ದೂರು ಕೇಳಲು ಇಬ್ಬರು, ಅವರಿಗೊಂದು ಬೇರೆ ಫೋನ್, ವಾಲಂಟಿಯರ್‌ಗಳಿಗೆ ಅರ್ಧ ಗಂಟೆ ತರಬೇತಿ, ತಪ್ಪು ಮಾಡಿದವರನ್ನು ಅಲ್ಲಿಂದಲೇ ಹೊರಗೆ ಕಳಿಸುವ ಅಧಿಕಾರ. ಸಮ್ಮೇಳನದಲ್ಲಿ ಹಂಚುವ ಟೀ ಶರ್ಟಿಗೆ ಮಾಡುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ಆಯೋಜಕರು ಕೈಬಿಟ್ಟರೂ ನಿಮಗೆ ಬೇರೆ ದಾರಿ ಇದೆ. ಆಫೀಸಿನ ಕೆಲಸದ ಮೇಲೆ ಹೋದ ಜಾಗವೂ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಕೆಲಸದ ಜಾಗವೇ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಪೊಲೀಸರಿಗೆ ದೂರು ಕೊಡುತ್ತೇನೆ ಅಂದರೆ ಸಹಾಯ ಮಾಡುವುದು ಕಂಪನಿಯ ಕರ್ತವ್ಯ. ಸಮಿತಿ ಇಲ್ಲದ ಸಣ್ಣ ಆಫೀಸಿನವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ವಿದ್ಯಾರ್ಥಿಗಳು, ಫ್ರೀಲಾನ್ಸ್ ಮಾಡುವವರು ನೇರವಾಗಿ ಪೊಲೀಸರ ಹತ್ತಿರವೇ ಹೋಗಬಹುದು. ಬೇಡವೆಂದರೂ ಲೈಂಗಿಕ ಉದ್ದೇಶದಿಂದ ಮೈ ಮುಟ್ಟುವುದು ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದಾದ ಅಪರಾಧ. ಅಲ್ಲೇ ಭಯ ಆದರೆ 112ಕ್ಕೆ ಫೋನ್ ಮಾಡಿ, ಯಾರ ಒಪ್ಪಿಗೆಗೂ ಕಾಯಬೇಡಿ.

ಮೆಸೇಜ್‌ಗಳನ್ನು ಅಳಿಸಬೇಡಿ. ನೋಡಿದರೆ ಮೈ ಉರಿಯುತ್ತದೆ, ಅಳಿಸಿಬಿಡೋಣ ಅನಿಸುತ್ತದೆ, ಗೊತ್ತು. ಆದರೂ ಸ್ಕ್ರೀನ್‌ಶಾಟ್ ತೆಗೆದು ನಂಬಿಕೆಯ ಒಬ್ಬರಿಗೆ ಕಳಿಸಿಡಿ. ಯಾವಾಗ, ಎಲ್ಲಿ, ಯಾರ ಎದುರಿಗೆ ಅಂತ ಅವತ್ತೇ ಬರೆದಿಡಿ. ನಮ್ಮ ಕಂಪನಿಯ ಸಮಿತಿಗೆ ನಾನು ದೂರು ಕೊಟ್ಟಾಗ ಕೆಲಸಕ್ಕೆ ಬಂದದ್ದು ಇವೇ.

ಈ ವರ್ಷ ಟಾಕ್ ಕೊಡಲು ಕರೆದವರಿಗೆಲ್ಲ ನಾನು ಮೊದಲು ಕಳಿಸುವುದು ಒಂದೇ ಪ್ರಶ್ನೆ: ದೂರು ತಗೊಳ್ಳುವವರು ಯಾರು? ಹೆಸರು, ನಂಬರ್ ಕೊಟ್ಟ ಕಡೆ ಹೋಗುತ್ತಿದ್ದೇನೆ. ನೀವೂ ಕೇಳಿ. ಹತ್ತು ಜನ ಕೇಳಿದರೆ ಅವರು ಒಬ್ಬರನ್ನಾದರೂ ನೇಮಿಸಲೇಬೇಕಾಗುತ್ತದೆ, ಅಲ್ವಾ?